ಇಪ್ಪತ್ತೊಂದು ಡಾಲರಿನ ದಾವೆ

(ಸಾರ್ವಜನಿಕ ವಾಚನಾಲಯವೊಂದರ ತಿಂಗಳ ಉಪನ್ಯಾಸದಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹ ರೂಪ.)



ಅಮೆರಿಕದ ರಾಷ್ಟ್ರ ರಾಜಕಾರಣದಲ್ಲಿ ವರ್ಣ ಮತ್ತು ಧರ್ಮ ಎಂಬ ವಿಷಯ ಕೊಟ್ಟು ನನ್ನನ್ನು ಇಲ್ಲಿ ನಿಲ್ಲಿಸಿದ್ದೀರಿ. ಸಮುದ್ರದಂಥ ವಿಷಯ. ಲಿಂಕನ್ ಅವರಿಂದ ಹಿಡಿದು ಒಬಾಮ, ಟ್ರಂಪ್‌ವರೆಗೆ ಎಲ್ಲರನ್ನೂ ಮುಟ್ಟಿ ಬರುತ್ತೇನೆಂದು ಹೊರಟರೆ ಕೊನೆಗೆ ಯಾರನ್ನೂ ಮುಟ್ಟಿದಂತಾಗುವುದಿಲ್ಲ. ಹಾಗಾಗಿ ಒಂದೇ ಒಂದು ಮೊಕದ್ದಮೆಯ ಕಥೆಯನ್ನು ಆರಿಸಿಕೊಂಡಿದ್ದೇನೆ. ನಾನು ಹುಟ್ಟುವುದಕ್ಕೆ ಮೊದಲೇ ತೀರ್ಪಾದ ಮೊಕದ್ದಮೆ ಅದು. ಅದರ ಮೊತ್ತ 21 ಡಾಲರ್. ಅದರ ಹಿಂದಿದ್ದ ಸಿಟ್ಟು ಒಬ್ಬ ಅಧ್ಯಕ್ಷರ ಸೋಲಿಗೆ ಕೈ ಜೋಡಿಸಿತು; ಅವರ ನಂತರ ಬಂದವರು ಅದೇ ಮೊಕದ್ದಮೆಯ ದೆಸೆಯಿಂದ ನಾಲ್ಕೇ ದಿನಗಳಲ್ಲಿ ಮಾತು ಬದಲಿಸಬೇಕಾಯಿತು. ಮೊದಲನೆಯವರು ಜಿಮ್ಮಿ ಕಾರ್ಟರ್, ಎರಡನೆಯವರು ರೊನಾಲ್ಡ್ ರೇಗನ್.

ಕಥೆ ಶುರುವಾಗುವುದು ಶಾಲೆಗಳಿಂದ. 1954ರ ಮೇ 17ರಂದು ಅಮೆರಿಕದ ಸುಪ್ರೀಂ ಕೋರ್ಟ್ 'ಬ್ರೌನ್' ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು: ಸರ್ಕಾರಿ ಶಾಲೆಗಳಲ್ಲಿ ಬಿಳಿಯ ಮಕ್ಕಳನ್ನು ಒಂದೆಡೆ, ಕಪ್ಪು ಮಕ್ಕಳನ್ನು ಇನ್ನೊಂದೆಡೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧ. ತೀರ್ಪು ಬಂದ ಮಾತ್ರಕ್ಕೆ ಶಾಲೆಯ ಬಾಗಿಲು ತೆರೆಯುತ್ತದೆಯೇ? ದಕ್ಷಿಣದ ರಾಜ್ಯಗಳು ವರ್ಷಗಟ್ಟಲೆ ಕಾಲ ತಳ್ಳಿದವು. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಎಂಬ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ತಾಲ್ಲೂಕು, ಜಿಲ್ಲೆಯಂಥ ಆಡಳಿತ ಘಟಕ ಎಂದುಕೊಳ್ಳಿ) 1959ರಿಂದ 1964ರವರೆಗೆ ಸರ್ಕಾರಿ ಶಾಲೆಗಳನ್ನೇ ಮುಚ್ಚಿಬಿಟ್ಟರು. ಬಿಳಿಯರ ಮಕ್ಕಳಿಗೆ ಖಾಸಗಿ ಅಕಾಡೆಮಿ ಎದ್ದಿತು. ಕಪ್ಪು ಜನರ ಮಕ್ಕಳು ಐದು ವರ್ಷ ಶಾಲೆಯಿಲ್ಲದೆ ಕೂತರು, ಇಲ್ಲವೆ ಊರು ಬಿಟ್ಟು ನೆಂಟರ ಮನೆ ಸೇರಿದರು.

ಈ ಉಪಾಯ ಬೇರೆಡೆಗೂ ಹಬ್ಬಿತು. ಮಿಸಿಸಿಪಿಯ ಹೋಮ್ಸ್ ಕೌಂಟಿಯನ್ನು ನೋಡಿ. ಕೋರ್ಟಿನ ಆದೇಶದಂತೆ 1969ರಲ್ಲಿ ಶಾಲೆಗಳು ಒಂದಾದ ಮೊದಲ ವರ್ಷವೇ ಸರ್ಕಾರಿ ಶಾಲೆಗಳಲ್ಲಿದ್ದ ಬಿಳಿಯ ಮಕ್ಕಳ ಸಂಖ್ಯೆ 771ರಿಂದ 28ಕ್ಕೆ ಇಳಿಯಿತು. ಮರುವರ್ಷ ಸೊನ್ನೆ. ಮಕ್ಕಳೆಲ್ಲ ಹೋದದ್ದು ಹೊಸದಾಗಿ ತೆರೆದ ಖಾಸಗಿ ಶಾಲೆಗಳಿಗೆ. ಇಂಥ ಶಾಲೆಗಳಿಗೆ 'ಸೆಗ್ರಿಗೇಷನ್ ಅಕಾಡೆಮಿ' ಎಂಬ ಅಡ್ಡಹೆಸರು ಬಿತ್ತು. ದಕ್ಷಿಣದ ಎಷ್ಟೋ ಕಡೆ ಚರ್ಚುಗಳೇ ಇಂಥ ಶಾಲೆಗಳನ್ನು ನಡೆಸಿದವು. ಎಲ್ಲ ಕ್ರೈಸ್ತ ಶಾಲೆಗಳೂ ವರ್ಣದ್ವೇಷದಿಂದಲೇ ಹುಟ್ಟಿದವು ಎಂದು ನಾನು ಹೇಳುತ್ತಿಲ್ಲ. ಶಾಲೆಯಲ್ಲಿ ಪ್ರಾರ್ಥನೆ ಹೇಳಿಸಬಾರದೆಂದು ಸುಪ್ರೀಂ ಕೋರ್ಟ್ 1962ರಲ್ಲಿ ಹೇಳಿದ್ದು ಅನೇಕ ಆಸ್ತಿಕ ತಂದೆ ತಾಯಂದಿರಿಗೆ ನಿಜವಾಗಿ ನೋವು ತಂದಿತ್ತು. ಆದರೆ ಊರಿನ ಶಾಲೆಗೆ ಕಪ್ಪು ಮಕ್ಕಳು ಬಂದ ವರ್ಷವೇ ಪಕ್ಕದ ಬೀದಿಯಲ್ಲಿ ಬಿಳಿಯರದೊಂದು ಶಾಲೆ ಎದ್ದರೆ ಅದನ್ನು ಕಾಕತಾಳೀಯ ಎನ್ನಲಾಗದು.

ಇಲ್ಲಿ ತೆರಿಗೆಯ ಮಾತು ಬರುತ್ತದೆ. ಸ್ವಲ್ಪ ಒಣ ವಿಷಯ, ಸಹಿಸಿಕೊಳ್ಳಿ. ನಮ್ಮಲ್ಲಿ ದೇಣಿಗೆಯ ರಸೀದಿಯ ಮೇಲೆ 80ಜಿ ಎಂದು ಮುದ್ರಿಸಿರುವುದನ್ನು ನೀವು ನೋಡಿರುತ್ತೀರಿ. ಅಮೆರಿಕದಲ್ಲೂ ಹಾಗೆಯೇ. ಧರ್ಮಾರ್ಥ ಸಂಸ್ಥೆ ಎಂದು ತೆರಿಗೆ ಇಲಾಖೆ ಒಪ್ಪಿದರೆ ಸಂಸ್ಥೆ ಆದಾಯ ತೆರಿಗೆ ಕಟ್ಟಬೇಕಿಲ್ಲ. ದೇಣಿಗೆ ಕೊಟ್ಟವರಿಗೂ ತೆರಿಗೆಯಲ್ಲಿ ರಿಯಾಯಿತಿ. ಹಾಗೆ ಬಿಟ್ಟುಕೊಟ್ಟ ತೆರಿಗೆ ಯಾರ ದುಡ್ಡು? ಉಳಿದ ಪ್ರಜೆಗಳದ್ದು. ಹೋಮ್ಸ್ ಕೌಂಟಿಯ ಕಪ್ಪು ಪೋಷಕರು ಕೇಳಿದ್ದು ಇದನ್ನೇ: ನಮ್ಮ ಮಕ್ಕಳನ್ನು ಹೊರಗಿಡುವ ಶಾಲೆಗೆ ನಮ್ಮ ತೆರಿಗೆಯಿಂದಲೇ ಸಹಾಯ ಯಾಕೆ? ನಿಕ್ಸನ್ ಅಧ್ಯಕ್ಷರಾಗಿದ್ದ 1970ರಲ್ಲಿ, ವರ್ಣಭೇದ ಮಾಡುವ ಖಾಸಗಿ ಶಾಲೆಗಳಿಗೆ ಇನ್ನು ವಿನಾಯಿತಿ ಇಲ್ಲ ಎಂದು ತೆರಿಗೆ ಇಲಾಖೆ ಘೋಷಿಸಿತು. 1971ರ ಜೂನ್‌ನಲ್ಲಿ ಫೆಡರಲ್ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ನಿಕ್ಸನ್ ಹೆಸರನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ನಮ್ಮ ಕಥಾನಾಯಕನ ಬಳಿಗೆ ಬರೋಣ. ಈ ನಾಯಕ ಮನುಷ್ಯನಲ್ಲ, ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿರುವ ಬಾಬ್ ಜೋನ್ಸ್ ವಿಶ್ವವಿದ್ಯಾಲಯ. ಬಾಬ್ ಜೋನ್ಸ್ ಎಂಬ ಧರ್ಮಪ್ರಚಾರಕರು 1927ರಲ್ಲಿ ಫ್ಲಾರಿಡಾದಲ್ಲಿ ಸ್ಥಾಪಿಸಿದ ಸಂಸ್ಥೆ ಅದು. 1947ರಲ್ಲಿ ಗ್ರೀನ್‌ವಿಲ್‌ಗೆ ಬಂದು ನೆಲೆಯೂರಿತು. ಮೊಕದ್ದಮೆಯ ಕಾಲಕ್ಕೆ ಶಿಶುವಿಹಾರದಿಂದ ಸ್ನಾತಕೋತ್ತರ ತರಗತಿಯವರೆಗೆ ಸುಮಾರು 5,000 ವಿದ್ಯಾರ್ಥಿಗಳಿದ್ದರು. ಬೈಬಲ್ಲಿನ ಅಕ್ಷರ ಅಕ್ಷರವೂ ಸತ್ಯ ಎಂಬುದು ಅಲ್ಲಿಯ ಬುನಾದಿ.

1960ರ ಈಸ್ಟರ್ ಭಾನುವಾರ ಸಂಸ್ಥಾಪಕ ಜೋನ್ಸ್ ರೇಡಿಯೊದಲ್ಲಿ ಒಂದು ಪ್ರವಚನ ಮಾಡಿದರು. ವರ್ಣಗಳನ್ನು ಬೇರೆ ಬೇರೆ ಇಡುವುದು ದೇವರ ಇಚ್ಛೆಯೇ ಎಂಬುದು ವಿಷಯ. ಹೌದು ಎಂಬುದು ಅವರ ಉತ್ತರ. ದೇವರೇ ಜನಾಂಗಗಳಿಗೆ ಗಡಿ ಗೊತ್ತುಮಾಡಿದ್ದಾನೆ ಎಂಬ ಅರ್ಥದ ಬೈಬಲ್ ವಚನವೊಂದು ಅವರ ಆಧಾರ. ಸ್ವಾರಸ್ಯವೆಂದರೆ ಅದೇ ವಚನದ ಮೊದಲರ್ಧ ಎಲ್ಲ ಜನಾಂಗಗಳೂ ಒಂದೇ ಮೂಲದಿಂದ ಬಂದವು ಎನ್ನುತ್ತದೆ. ನೂರು ವರ್ಷ ಹಿಂದೆ ಗುಲಾಮಗಿರಿಯ ವಿರುದ್ಧ ಹೋರಾಡಿದ ಕ್ರೈಸ್ತರು ಎತ್ತಿ ಆಡುತ್ತಿದ್ದುದು ಆ ಮೊದಲರ್ಧವನ್ನು. ಒಂದೇ ಗ್ರಂಥ, ಒಂದೇ ಸಾಲು. ಯಾವ ಅರ್ಧ ಬೇಕೋ ಅದನ್ನು ಹಿಡಿದರು. ಮಾರ್ಟಿನ್ ಲೂಥರ್ ಕಿಂಗ್ ಕೂಡ ಬ್ಯಾಪ್ಟಿಸ್ಟ್ ಪಾದ್ರಿಯೇ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ಧರ್ಮ ಒಂದು ಕಡೆ, ಸಮಾನತೆ ಇನ್ನೊಂದು ಕಡೆ ಇದ್ದ ಜಗಳ ಇದಲ್ಲ. ಎರಡೂ ಕಡೆ ಬೈಬಲ್ ಇತ್ತು.

ಇದು ಒಬ್ಬ ಪ್ರಚಾರಕರ ವಿಚಿತ್ರ ನಂಬಿಕೆ ಎಂದು ತಳ್ಳಿಹಾಕುವಂತೆಯೂ ಇರಲಿಲ್ಲ. 1959ರಲ್ಲಿ ವರ್ಜೀನಿಯಾದ ನ್ಯಾಯಾಧೀಶರೊಬ್ಬರು, ಕಪ್ಪು ಹೆಣ್ಣನ್ನು ಮದುವೆಯಾದ ಬಿಳಿಯ ಗಂಡಿಗೂ ಆ ಹೆಣ್ಣಿಗೂ ಶಿಕ್ಷೆ ವಿಧಿಸಿದರು. ದೇವರು ಜನಾಂಗಗಳನ್ನು ಬೇರೆ ಬೇರೆ ಖಂಡಗಳಲ್ಲಿ ಇಟ್ಟದ್ದೇ ಅವು ಬೆರೆಯಬಾರದೆಂದು, ಎಂಬ ತರ್ಕವನ್ನು ಅವರು ಆ ಮೊಕದ್ದಮೆಯಲ್ಲಿ ಬರೆದಿಟ್ಟರು. ಅಂಥ ಮದುವೆಗಳ ಮೇಲಿನ ನಿಷೇಧವನ್ನು ಸುಪ್ರೀಂ ಕೋರ್ಟ್ ಕಿತ್ತುಹಾಕಿದ್ದು 1967ರಲ್ಲಿ.

ಬಾಬ್ ಜೋನ್ಸ್ ವಿಶ್ವವಿದ್ಯಾಲಯ 1971ರವರೆಗೆ ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲೇ ಇಲ್ಲ. ಆಮೇಲೆ ಬಾಗಿಲನ್ನು ತುಸುವೇ ತೆರೆಯಿತು: ಸ್ವಂತ ಜನಾಂಗದಲ್ಲೇ ಮದುವೆಯಾದ ಕಪ್ಪು ಜನ ಸೇರಬಹುದು. ಅವಿವಾಹಿತರಿಗೆ ಪ್ರವೇಶ ಸಿಕ್ಕಿದ್ದು 1975ರ ಮೇ ನಂತರ, ಅದೂ ಒಂದು ಷರತ್ತಿನ ಮೇಲೆ. ಬೇರೆ ವರ್ಣದವರೊಡನೆ ಪ್ರೇಮ, ಓಡಾಟ, ಮದುವೆ ಕೂಡದು, ಮೀರಿದರೆ ಹೊರಗೆ. ಅಂಥದ್ದನ್ನು ಬೆಂಬಲಿಸುವ ಸಂಘದಲ್ಲಿದ್ದರೂ ಹೊರಗೆ.

1976ರ ಜನವರಿಯಲ್ಲಿ ತೆರಿಗೆ ಇಲಾಖೆ ವಿಶ್ವವಿದ್ಯಾಲಯದ ವಿನಾಯಿತಿಯನ್ನು ಕಿತ್ತುಕೊಂಡಿತು, 1970ರ ಡಿಸೆಂಬರ್‌ನಿಂದ ಅನ್ವಯವಾಗುವಂತೆ. ಆಗ ಅಧ್ಯಕ್ಷರು ಜೆರಾಲ್ಡ್ ಫೋರ್ಡ್. ವಿಶ್ವವಿದ್ಯಾಲಯದ ವಕೀಲರು ಒಬ್ಬ ನೌಕರನ ಲೆಕ್ಕದ ನಿರುದ್ಯೋಗ ತೆರಿಗೆ 21 ಡಾಲರ್ ಕಟ್ಟಿದರು. ಕಟ್ಟಿದ್ದನ್ನು ವಾಪಸು ಕೊಡಿ ಎಂದು ದಾವೆ ಹೂಡಿದರು. ಸರ್ಕಾರ ಸುಮ್ಮನಿರಲಿಲ್ಲ. ಐದು ವರ್ಷಗಳ ಬಾಕಿ 4,89,675 ಡಾಲರ್, ಮೇಲೆ ಬಡ್ಡಿ ಎಂದು ಪ್ರತಿದಾವೆ ಹಾಕಿತು.

ಅದೇ ವರ್ಷ ಅಧ್ಯಕ್ಷ ಚುನಾವಣೆ. ಡೆಮಾಕ್ರಟಿಕ್ ಅಭ್ಯರ್ಥಿ ಜಾರ್ಜಿಯಾದ ಪ್ಲೇನ್ಸ್ ಎಂಬ ಸಣ್ಣ ಊರಿನ ಕಡಲೆಕಾಯಿ ಬೆಳೆಗಾರ ಜಿಮ್ಮಿ ಕಾರ್ಟರ್. ಸದರ್ನ್ ಬ್ಯಾಪ್ಟಿಸ್ಟ್ ಪಂಥದವರು. ಭಾನುವಾರ ಚರ್ಚಿನಲ್ಲಿ ಬೈಬಲ್ ಪಾಠ ಹೇಳುತ್ತಿದ್ದವರು. ಕ್ರಿಸ್ತನಲ್ಲಿ ಮರುಹುಟ್ಟು ಪಡೆದವನು ನಾನು ಎಂದು ಮುಜುಗರವಿಲ್ಲದೆ ಹೇಳಿಕೊಂಡವರು. 'ನ್ಯೂಸ್‌ವೀಕ್' ಪತ್ರಿಕೆ ಆ ವರ್ಷವನ್ನೇ ಇವ್ಯಾಂಜೆಲಿಕಲ್ ಕ್ರೈಸ್ತರ ವರ್ಷ ಎಂದು ಕರೆಯಿತು. ಅವರ ಪಂಥಕ್ಕೂ ಒಂದು ಪೂರ್ವಕಥೆ ಇದೆ. ಗುಲಾಮರನ್ನು ಇಟ್ಟುಕೊಂಡವರು ಧರ್ಮಪ್ರಚಾರಕರಾಗಬಹುದೇ ಎಂಬ ಜಗಳದಲ್ಲಿ 1845ರಲ್ಲಿ ಉತ್ತರದವರಿಂದ ಸಿಡಿದು ಬೇರೆಯಾದದ್ದು ಅದು. ಅದಕ್ಕಾಗಿ ಪಂಥ ಕ್ಷಮೆ ಕೇಳಿದ್ದು ನೂರೈವತ್ತು ವರ್ಷ ಕಳೆದ ಮೇಲೆ, 1995ರಲ್ಲಿ.

ಮತದಾನ ನವೆಂಬರ್ 2ಕ್ಕೆ. ಎರಡು ದಿನ ಮೊದಲು, ಅಕ್ಟೋಬರ್ 31ರ ಭಾನುವಾರ, ಕ್ಲೆನನ್ ಕಿಂಗ್ ಎಂಬ ಕಪ್ಪು ಪಾದ್ರಿಯೊಬ್ಬರು ಕಾರ್ಟರ್ ಅವರ ಸ್ವಂತ ಚರ್ಚಿನ ಸದಸ್ಯತ್ವ ಕೋರಿ ಬಾಗಿಲಿಗೆ ಬಂದರು. ಚರ್ಚು ಆ ದಿನದ ಆರಾಧನೆಯನ್ನೇ ರದ್ದುಮಾಡಿತು! ಕಪ್ಪು ಜನರನ್ನು ಒಳಗೆ ಬಿಡಬಾರದೆಂದು 1965ರಲ್ಲಿ ಆ ಚರ್ಚಿನಲ್ಲಿ ಮತ ಹಾಕಿದಾಗ ವಿರೋಧಿಸಿದ ಬೆರಳೆಣಿಕೆಯ ಜನರಲ್ಲಿ ಕಾರ್ಟರ್ ಕುಟುಂಬವೂ ಇತ್ತು. ಕಿಂಗ್ ಅವರು ಚುನಾವಣೆಗೆ ಸರಿಯಾಗಿ ಬಂದದ್ದರ ಹಿಂದೆ ರಾಜಕೀಯವಿದೆ ಎಂದು ಅನುಮಾನಿಸಿದವರೂ ಇದ್ದರು. ಇರಬಹುದು. ಆದರೆ ಬಾಗಿಲು ಮುಚ್ಚಿದ್ದಂತೂ ಒಳಗಿದ್ದವರೇ ಅಲ್ಲವೇ? ಚರ್ಚು ಬಿಡುವುದಿಲ್ಲ, ಒಳಗಿದ್ದೇ ಬದಲಿಸುತ್ತೇನೆ ಎಂದರು ಕಾರ್ಟರ್. ಚುನಾವಣೆ ಗೆದ್ದರು. ಕೆಲವೇ ದಿನಗಳಲ್ಲಿ ಚರ್ಚಿನವರು ನಿಷೇಧ ತೆಗೆದರು, ಮುಂದೆ ಆ ಚರ್ಚೇ ಒಡೆದು ಎರಡಾಯಿತು.

ಇಂಥ ಕಾರ್ಟರ್ ಮೇಲೆ ಆಸ್ತಿಕ ಬಿಳಿಯರು ತಿರುಗಿಬಿದ್ದದ್ದು ಹೇಗೆ? ಕಾರಣಗಳು ಹಲವು, ಹಣದುಬ್ಬರ, ಇರಾನಿನಲ್ಲಿ ಒತ್ತೆಯಾಳುಗಳು, ಎಲ್ಲವೂ ಇವೆ. ಆದರೆ ಒಂದು ಕಾರಣಕ್ಕೆ ತಾರೀಕು ಹಾಕಬಹುದು: 1978ರ ಆಗಸ್ಟ್. ತೆರಿಗೆ ಇಲಾಖೆಯ ಕಮಿಷನರ್ ಜೆರೋಮ್ ಕರ್ಟ್ಜ್ ಹೊಸ ನಿಯಮವೊಂದರ ಕರಡು ಹೊರಡಿಸಿದರು. ಊರಿನ ಸರ್ಕಾರಿ ಶಾಲೆಗಳು ಒಂದಾಗುವ ಹೊತ್ತಿಗೇ ಹುಟ್ಟಿದ ಅಥವಾ ದಿಢೀರನೆ ಬೆಳೆದ ಖಾಸಗಿ ಶಾಲೆ, ತಾನು ಭೇದ ಮಾಡುತ್ತಿಲ್ಲ ಎಂದು ತೋರಿಸಬೇಕು. ಊರಿನ ಮಕ್ಕಳಲ್ಲಿ ಅಲ್ಪಸಂಖ್ಯಾತರ ಪಾಲು ಎಷ್ಟಿದೆಯೋ ಅದರ ಐದನೆಯ ಒಂದು ಭಾಗವಾದರೂ ಶಾಲೆಯಲ್ಲಿರಬೇಕು. ಅಂದರೆ ಊರಿನ ಮಕ್ಕಳಲ್ಲಿ ಅರ್ಧ ಕಪ್ಪು ಮಕ್ಕಳಿದ್ದರೆ ಶಾಲೆಯಲ್ಲಿ ನೂರಕ್ಕೆ ಹತ್ತು. ಅದಾಗದಿದ್ದರೆ ಪ್ರಾಮಾಣಿಕ ಪ್ರಯತ್ನದ ಬೇರೆ ಪುರಾವೆ.

ನನ್ನ ಕಣ್ಣಿಗೆ ಇದು ಹೆಚ್ಚಿನ ಬೇಡಿಕೆಯಾಗಿ ಕಾಣುವುದಿಲ್ಲ. ಆದರೆ ಲಕ್ಷಕ್ಕೂ ಮೀರಿ ಪ್ರತಿಭಟನೆಯ ಪತ್ರಗಳು ಬಂದವು. ಸರ್ಕಾರ ಚರ್ಚಿನೊಳಗೆ ಕೈಹಾಕಿತು, ದೇವರ ಶಾಲೆಗೆ ಕೋಟಾ ಹಾಕಿತು ಎಂಬ ಕೂಗು ಎದ್ದಿತು. ಗಮನಿಸಿ, ಆ ಕೂಗಿನಲ್ಲಿ ವರ್ಣದ ಮಾತು ಇರಲಿಲ್ಲ. ಕಪ್ಪು ಮಕ್ಕಳು ಬೇಡ ಎಂದು ಮೈಕಿನ ಮುಂದೆ ಹೇಳುವ ಕಾಲ 1978ಕ್ಕೆ ಮುಗಿದಿತ್ತು. ಧರ್ಮ ಸ್ವಾತಂತ್ರ್ಯ ಎಂಬ ಮಾತು ಆ ಜಾಗಕ್ಕೆ ಬಂದು ಕೂತಿತು. ಅದು ಸುಳ್ಳು ಮಾತೂ ಅಲ್ಲ, ಅಮೆರಿಕದ ಸಂವಿಧಾನ ಮೊದಲ ತಿದ್ದುಪಡಿಯಲ್ಲೇ ಕೊಟ್ಟ ಮಾತು. ಅದಕ್ಕೇ ಅದು ಅಷ್ಟು ಗಟ್ಟಿಯಾಗಿ ನಿಂತಿತು. ಒಂದು ಜಗಳದ ಹೆಸರು ಬದಲಾದರೆ ಸೇರುವ ಜನವೂ ಬದಲಾಗುತ್ತಾರೆ. ವರ್ಣಭೇದ ಬೇಕು ಎಂದರೆ ಹತ್ತಿರ ಬಾರದಿದ್ದ ಎಷ್ಟೋ ಸಜ್ಜನರು ಧರ್ಮ ಉಳಿಸಿ ಎಂದಾಗ ಬಂದರು. ಕಾಂಗ್ರೆಸ್ಸು ಮರುವರ್ಷ ಆ ನಿಯಮ ಜಾರಿಗೆ ಹಣ ಬಳಸದಂತೆ ತಡೆ ಹಾಕಿತು. ನಿಯಮ ಅಲ್ಲಿಗೇ ಸತ್ತಿತು.

1979ರ ಜೂನ್‌ನಲ್ಲಿ 'ಮಾರಲ್ ಮೆಜಾರಿಟಿ' ಎಂಬ ಸಂಘಟನೆ ಹುಟ್ಟಿತು. ನಾಯಕ ಜೆರಿ ಫಾಲ್ವೆಲ್, ವರ್ಜೀನಿಯಾದ ಲಿಂಚ್‌ಬರ್ಗ್‌ನ ಪಾದ್ರಿ. 1967ರಲ್ಲಿ ಆರಂಭವಾದ ಕ್ರೈಸ್ತ ಶಾಲೆಯೊಂದರ ಸ್ಥಾಪಕ. ಗರ್ಭಪಾತಕ್ಕೆ ಹಕ್ಕು ಕೊಟ್ಟ 1973ರ ತೀರ್ಪೇ ಈ ಚಳವಳಿಯ ತಾಯಿ ಎಂಬುದು ಸಾಮಾನ್ಯ ನಂಬಿಕೆ. ಆದರೆ ಸದರ್ನ್ ಬ್ಯಾಪ್ಟಿಸ್ಟರೇ 1971ರಲ್ಲಿ ಕೆಲವು ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು ಬೇಕೆಂದು ನಿರ್ಣಯ ಮಾಡಿದ್ದರು! ಚಳವಳಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಪಾಲ್ ವೇರಿಚ್ ಮುಂದೆ, ಪಾದ್ರಿಗಳನ್ನು ನಿಜವಾಗಿ ಎಬ್ಬಿಸಿದ್ದು ಶಾಲೆಗಳ ಮೇಲಿನ ತೆರಿಗೆ ಇಲಾಖೆಯ ಕ್ರಮ ಎಂದು ಹೇಳಿದರು. ಇತಿಹಾಸಕಾರರು ಈ ವಿಷಯದಲ್ಲಿ ಇನ್ನೂ ಒಮ್ಮತಕ್ಕೆ ಬಂದಿಲ್ಲ. ಗರ್ಭಪಾತದ ವಿರೋಧ ಸಾಮಾನ್ಯ ಭಕ್ತರಲ್ಲಿ ಮೊದಲೇ ಹೊಗೆಯಾಡುತ್ತಿತ್ತು ಎನ್ನುವವರ ವಾದದಲ್ಲೂ ಹುರುಳಿದೆ. ನನಗನ್ನಿಸುವುದು ಇಷ್ಟು: ಪಾದ್ರಿಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿದ್ದು ಶಾಲೆ, ಜನರನ್ನು ಸಾಲುಗಟ್ಟಿ ತಂದದ್ದು ಗರ್ಭಪಾತ.

1980ರ ಚುನಾವಣೆ ಬಂತು. ಬೈಬಲ್ ಪಾಠದ ಮೇಷ್ಟರ ಎದುರು ನಿಂತವರು ಹಾಲಿವುಡ್ಡಿನಿಂದ ಬಂದ, ಒಮ್ಮೆ ವಿಚ್ಛೇದನ ಪಡೆದಿದ್ದ ರೇಗನ್. ಆ ವರ್ಷದ ಜನವರಿಯಲ್ಲಿ ಅವರು ಬಾಬ್ ಜೋನ್ಸ್ ವಿಶ್ವವಿದ್ಯಾಲಯದಲ್ಲೇ ಭಾಷಣ ಮಾಡಿದರು. ಆಗಸ್ಟ್ 3ರಂದು ಮಿಸಿಸಿಪಿಯ ನೆಶೋಬಾ ಕೌಂಟಿಯ ಜಾತ್ರೆಯಲ್ಲಿ ರಾಜ್ಯಗಳ ಹಕ್ಕಿನ ಪರ ಮಾತಾಡಿದರು. ಮೂವರು ನಾಗರಿಕ ಹಕ್ಕು ಕಾರ್ಯಕರ್ತರನ್ನು 1964ರಲ್ಲಿ ಕೊಂದದ್ದು ಆ ಕೌಂಟಿಯಲ್ಲೇ. ಅದೇ ತಿಂಗಳು ಡಲ್ಲಾಸ್‌ನಲ್ಲಿ ಸೇರಿದ್ದ ಸಾವಿರಾರು ಪಾದ್ರಿಗಳು ಮತ್ತು ಭಕ್ತರಿಗೆ, ನೀವು ನನ್ನನ್ನು ಬೆಂಬಲಿಸುವಂತಿಲ್ಲ, ಆದರೆ ನಾನು ನಿಮ್ಮನ್ನು ಬೆಂಬಲಿಸುತ್ತೇನೆ ಎಂಬರ್ಥದ ಮಾತು ಹೇಳಿ ಸಭೆಯನ್ನು ಗೆದ್ದರು. ಕಾರ್ಟರ್ ಕಮಿಷನರ್ ಖಾಸಗಿ ಶಾಲೆಗಳ ಮೇಲೆ ಹಗೆ ಸಾಧಿಸುತ್ತಿದ್ದಾರೆ, ಅದನ್ನು ನಿಲ್ಲಿಸುತ್ತೇವೆ ಎಂದು ರಿಪಬ್ಲಿಕನ್ ಪ್ರಣಾಳಿಕೆ ಭರವಸೆ ಕೊಟ್ಟಿತು. ನಿಕ್ಸನ್ ಹೆಸರು ನೆನಪಿಡಿ ಎಂದಿದ್ದೆನಲ್ಲ? ನೀತಿ ಘೋಷಿಸಿದ್ದು ನಿಕ್ಸನ್ ಕಾಲ, ಬಾಬ್ ಜೋನ್ಸ್ ಮೇಲೆ ಕೈಯಿಟ್ಟದ್ದು ಫೋರ್ಡ್ ಕಾಲ. ಇಬ್ಬರೂ ರಿಪಬ್ಲಿಕನ್ನರು. ಬಿಲ್ಲು ಹೋದದ್ದು ಮಾತ್ರ ಕಾರ್ಟರ್ ಹೆಸರಿಗೆ.

ರೇಗನ್ ಗೆದ್ದರು. ಮೊಕದ್ದಮೆ ಕೆಳಗಿನ ಕೋರ್ಟಿನಲ್ಲಿ ವಿಶ್ವವಿದ್ಯಾಲಯದ ಪರವಾಗಿ, ಮೇಲ್ಮನವಿಯಲ್ಲಿ ಸರ್ಕಾರದ ಪರವಾಗಿ ಹೊರಳಾಡಿ 1981ರ ಹೊತ್ತಿಗೆ ಸುಪ್ರೀಂ ಕೋರ್ಟಿನ ಮೆಟ್ಟಿಲಲ್ಲಿತ್ತು. ಜೊತೆಗೆ ಉತ್ತರ ಕೆರೊಲಿನಾದ ಗೋಲ್ಡ್ಸ್‌ಬೊರೊ ಎಂಬಲ್ಲಿಯ ಕ್ರೈಸ್ತ ಶಾಲೆಯ ಮೊಕದ್ದಮೆಯೂ ಸೇರಿತ್ತು. ಮನುಷ್ಯರ ವರ್ಣ ನೋಹನ ಮೂವರು ಮಕ್ಕಳಿಂದ ಇಳಿದದ್ದು, ಬೆರಕೆ ದೇವರಿಗೆ ವಿರುದ್ಧ ಎಂಬುದು ಆ ಶಾಲೆಯ ಲಿಖಿತ ವಾದ. ವಿನಾಯಿತಿ ಮರಳಿಸಿ ಎಂದು ಮಿಸಿಸಿಪಿಯ ಸಂಸದ ಟ್ರೆಂಟ್ ಲಾಟ್ ಬರೆದ ಪತ್ರದ ಸಾರಾಂಶ ಅಧ್ಯಕ್ಷರ ಮೇಜಿಗೆ ಬಂತು. ರೇಗನ್ ಅದರ ಅಂಚಿನಲ್ಲಿ, ಹಾಗೆಯೇ ಮಾಡಬೇಕೆಂದು ನನಗನ್ನಿಸುತ್ತದೆ ಎಂಬ ಅರ್ಥದ ಪುಟ್ಟ ಷರಾ ಬರೆದರು.

1982ರ ಜನವರಿ 8, ಶುಕ್ರವಾರ. ವರ್ಣಭೇದದ ಕಾರಣಕ್ಕೆ ಇನ್ನು ಮುಂದೆ ತೆರಿಗೆ ವಿನಾಯಿತಿ ನಿರಾಕರಿಸುವುದಿಲ್ಲ, ಕಾನೂನಿನಲ್ಲಿ ಆ ಅಧಿಕಾರವೇ ಇಲ್ಲ ಎಂದು ಸರ್ಕಾರ ಪ್ರಕಟಿಸಿತು. ಪತ್ರಕರ್ತಳಾಗಿ ಒಂದು ಮಾತು ಸೇರಿಸುತ್ತೇನೆ. ಕಹಿ ಸುದ್ದಿಯನ್ನು ವಾರಾಂತ್ಯದ ಬಾಗಿಲಲ್ಲಿ ಬಿಡುವುದು ಸರ್ಕಾರಗಳ ಹಳೆಯ ಕಲೆ. ಅದೇ ದಿನ ಅಮೆರಿಕದ ನ್ಯಾಯ ಇಲಾಖೆ ದೈತ್ಯ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿಯನ್ನು ಒಡೆಯುವ ಒಪ್ಪಂದವನ್ನು ಪ್ರಕಟಿಸಿತ್ತು, ಐಬಿಎಂ ಮೇಲಿನ ಮೊಕದ್ದಮೆಯನ್ನೂ ಕೈಬಿಟ್ಟಿತ್ತು. ಬೇಕೆಂದೇ ಒಟ್ಟಿಗೆ ತಂದರೋ ಇಲ್ಲವೋ, ಆ ರಾಶಿಯಡಿ ಒಂದು ಕ್ರೈಸ್ತ ಕಾಲೇಜಿನ ಸುದ್ದಿ ಹೂತುಹೋಗಬೇಕಿತ್ತು. ಹೋಗಲಿಲ್ಲ. ನಾಗರಿಕ ಹಕ್ಕು ಸಂಘಟನೆಗಳು ಸಿಡಿದವು. ನ್ಯಾಯ ಇಲಾಖೆಯದೇ ನಾಗರಿಕ ಹಕ್ಕು ವಿಭಾಗದ ವಕೀಲರು ಸಹಿ ಹಾಕಿ ಪ್ರತಿಭಟಿಸಿದರು. ರಿಪಬ್ಲಿಕನ್ನರಲ್ಲೇ ಹಲವರು ಮುಖ ತಿರುಗಿಸಿದರು.

ಜನವರಿ 12ರಂದು ರೇಗನ್ ಹೊಸ ಹೇಳಿಕೆ ಕೊಟ್ಟರು: ನಾನು ವರ್ಣಭೇದದ ವಿರೋಧಿ, ಅಧಿಕಾರಿಗಳು ಕಾನೂನು ಮಾಡುವುದು ಸರಿಯಲ್ಲ ಎಂಬುದಷ್ಟೇ ನನ್ನ ಮಾತು, ಕಾಂಗ್ರೆಸ್ಸೇ ಕಾನೂನು ಮಾಡಲಿ. ಮಸೂದೆಯನ್ನೂ ಕಳುಹಿಸಿದರು. ಕಾಂಗ್ರೆಸ್ ಅದನ್ನು ಎತ್ತಿಕೊಳ್ಳಲಿಲ್ಲ, ಈಗಿರುವ ಕಾನೂನೇ ಸಾಕು ಎಂಬುದು ಹಲವರ ಅಭಿಪ್ರಾಯವಾಗಿತ್ತು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಹೊರಟವರಿಗೆ ಹಾವು ಸಾಯಲಿಲ್ಲ, ಕೋಲು ಮಾತ್ರ ಮುರಿಯಿತು. ಇಡೀ ವಿಷಯಕ್ಕೆ ಮೂಲ ನಾನೇ, ಇನ್ನೂ ಚೆನ್ನಾಗಿ ನಿಭಾಯಿಸಬಹುದಿತ್ತು ಎಂದು ಅವರು ಆ ತಿಂಗಳ ಪತ್ರಿಕಾಗೋಷ್ಠಿಯಲ್ಲಿ ಒಪ್ಪಿಕೊಂಡರು. ಆ ಒಪ್ಪಿಗೆಯನ್ನು ನಾನು ಅವರ ಲೆಕ್ಕದಲ್ಲಿ ಜಮೆ ಮಾಡುತ್ತೇನೆ.

ಈಗ ಕೋರ್ಟಿಗೆ ಒಂದು ವಿಚಿತ್ರ ಸಮಸ್ಯೆ. ವಾದಿ ಪ್ರತಿವಾದಿ ಇಬ್ಬರೂ ಒಂದೇ ಮಾತು ಆಡುತ್ತಿದ್ದಾರೆ! ತೆರಿಗೆ ಇಲಾಖೆಯ ಹಳೆಯ ನೀತಿಯನ್ನು ಸಮರ್ಥಿಸುವವರು ಯಾರು? ಸುಪ್ರೀಂ ಕೋರ್ಟ್ ಹೊರಗಿನಿಂದ ಒಬ್ಬ ವಕೀಲರನ್ನು ಅಮಿಕಸ್ ಕ್ಯೂರಿಯಾಗಿ ನೇಮಿಸಿತು. ಅವರು ವಿಲಿಯಂ ಕೋಲ್ಮನ್: ಕಪ್ಪು ವರ್ಣೀಯರು, ರಿಪಬ್ಲಿಕನ್, ಫೋರ್ಡ್ ಸಂಪುಟದಲ್ಲಿ ಸಾರಿಗೆ ಸಚಿವರಾಗಿದ್ದವರು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯೊಬ್ಬರ ಬಳಿ ಕ್ಲರ್ಕ್ ಆಗಿ ಕೆಲಸ ಮಾಡಿದ ಮೊದಲ ಕಪ್ಪು ವಕೀಲರು ಅವರೇ, 1948ರಲ್ಲಿ. 'ಬ್ರೌನ್' ಮೊಕದ್ದಮೆಯ ವಾದಪತ್ರ ಬರೆದವರಲ್ಲಿ ಒಬ್ಬರು. 1954ರಲ್ಲಿ ತಾವು ಕೈಹಾಕಿದ್ದ ಕೆಲಸದ ಬಾಲವನ್ನು ಹಿಡಿದು 1982ರ ಅಕ್ಟೋಬರ್‌ನಲ್ಲಿ ಅದೇ ಕೋರ್ಟಿನಲ್ಲಿ, ತಮ್ಮದೇ ಪಕ್ಷದ ಸರ್ಕಾರದ ನಿಲುವಿಗೆ ಎದುರಾಗಿ ನಿಂತರು.

1983ರ ಮೇ 24ರಂದು ತೀರ್ಪು. ಎಂಟು ಮಂದಿ ಒಂದು ಕಡೆ, ಒಬ್ಬರು ಒಂದು ಕಡೆ. ನಿಕ್ಸನ್ ನೇಮಿಸಿದ್ದ ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ಬರೆದರು: ಧರ್ಮಾರ್ಥ ಸಂಸ್ಥೆ ಎನ್ನಿಸಿಕೊಳ್ಳಬೇಕಾದರೆ ಅದು ಸಾರ್ವಜನಿಕ ನೀತಿಗೆ ವಿರುದ್ಧವಾಗಿರಬಾರದು. ವಿದ್ಯಾಭ್ಯಾಸದಲ್ಲಿ ವರ್ಣಭೇದ ತೊಡೆಯುವುದರಲ್ಲಿ ರಾಷ್ಟ್ರಕ್ಕಿರುವ ಹಿತ, ವಿನಾಯಿತಿ ಕಳೆದುಕೊಂಡ ಸಂಸ್ಥೆಯ ಧಾರ್ಮಿಕ ಆಚರಣೆಗೆ ಆಗುವ ಭಾರಕ್ಕಿಂತ ದೊಡ್ಡದು. ನಂಬಿಕೆ ಇಟ್ಟುಕೊಳ್ಳಲು, ಬೋಧಿಸಲು ಅಡ್ಡಿಯಿಲ್ಲ, ಅದಕ್ಕೆ ಖಜಾನೆಯ ರಿಯಾಯಿತಿ ಇಲ್ಲ. ಭಿನ್ನಮತ ಬರೆದ ವಿಲಿಯಂ ರೆಂಕ್ವಿಸ್ಟ್, ವರ್ಣಭೇದದ ವಿರುದ್ಧ ರಾಷ್ಟ್ರನೀತಿ ಇದೆಯೆಂದು ಒಪ್ಪಿದರು. ಆದರೆ ಕಾಂಗ್ರೆಸ್ ಹಾಗೆಂದು ಕಾನೂನಿನಲ್ಲಿ ಬರೆದಿಲ್ಲ, ಬರೆಯುವ ಕೆಲಸ ಕೋರ್ಟಿನದಲ್ಲ ಎಂದರು. ಕಾನೂನು ಓದಿದವರಿಗೆ ಇದು ಸುಲಭವಾಗಿ ತಳ್ಳಿಹಾಕುವ ವಾದವಲ್ಲ. 1986ರಲ್ಲಿ ರೇಗನ್ ಅವರನ್ನೇ ಮುಖ್ಯ ನ್ಯಾಯಮೂರ್ತಿ ಮಾಡಿದರು.

ಸೋತ ಮೇಲೂ ವಿಶ್ವವಿದ್ಯಾಲಯ ತೆರಿಗೆ ಕಟ್ಟಿತೇ ಹೊರತು ನಿಯಮ ಬಿಡಲಿಲ್ಲ. 2000ದ ಫೆಬ್ರುವರಿಯಲ್ಲಿ ಜಾರ್ಜ್ ಬುಷ್ ಮತ ಕೇಳಲು ಅಲ್ಲಿಗೆ ಹೋದರು. ವರ್ಣಭೇದದ ನಿಯಮ ಮತ್ತು ಆ ಸಂಸ್ಥೆಯ ಕ್ಯಾಥೊಲಿಕ್ ವಿರೋಧ ಎರಡೂ ಮತ್ತೆ ಪತ್ರಿಕೆಗಳ ಮುಖಪುಟಕ್ಕೆ ಬಂದವು. ಕ್ಯಾಥೊಲಿಕ್ ಕಾರ್ಡಿನಲ್ ಒಬ್ಬರಿಗೆ ಬುಷ್ ವಿಷಾದದ ಪತ್ರ ಬರೆಯಬೇಕಾಯಿತು. ಮಾರ್ಚ್ 3ರಂದು ಲ್ಯಾರಿ ಕಿಂಗ್ ಅವರ ಟಿ.ವಿ. ಕಾರ್ಯಕ್ರಮದಲ್ಲಿ ಕೂತ ವಿಶ್ವವಿದ್ಯಾಲಯದ ಅಧ್ಯಕ್ಷ, ಸಂಸ್ಥಾಪಕರ ಮೊಮ್ಮಗ, ಆ ನಿಯಮವನ್ನು ತೆಗೆದುಹಾಕಿದ್ದೇವೆ ಎಂದರು. ಸುಪ್ರೀಂ ಕೋರ್ಟಿಗೆ ಹದಿನೇಳು ವರ್ಷದಲ್ಲಿ ಆಗದ್ದು ಟಿ.ವಿ. ಕ್ಯಾಮೆರಾಗಳಿಗೆ ಒಂದು ತಿಂಗಳಲ್ಲಿ ಆಯಿತು. ಅದೇ 2000ದಲ್ಲಿ ಕಾರ್ಟರ್, ತಮ್ಮ ಪಂಥ ಬಿಗಿಯಾಗುತ್ತಿರುವ ರೀತಿ ಹಿಡಿಸದೆ, ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟದ ಸಂಬಂಧ ಕಡಿದುಕೊಂಡರು. ಪ್ಲೇನ್ಸ್‌ನ ಹಳೆಯ ಚರ್ಚು ಒಡೆದು ಹುಟ್ಟಿದ ಮರನಾಥ ಚರ್ಚಿನಲ್ಲಿ ತೊಂಬತ್ತು ದಾಟಿದ ಮೇಲೂ ಭಾನುವಾರದ ಪಾಠ ಹೇಳುತ್ತಿದ್ದರು. ತೀರಿಕೊಂಡದ್ದು 2024ರ ಡಿಸೆಂಬರ್ 29ರಂದು, ನೂರನೆಯ ವಯಸ್ಸಿನಲ್ಲಿ.

ಬಾಬ್ ಜೋನ್ಸ್ ವಿಶ್ವವಿದ್ಯಾಲಯ 2008ರಲ್ಲಿ ತನ್ನ ಹಿಂದಿನ ವರ್ಣನೀತಿಗಾಗಿ ಕ್ಷಮೆ ಕೇಳಿತು. 2017ರಲ್ಲಿ, ಕಳೆದುಕೊಂಡ ನಾಲ್ಕು ದಶಕಗಳ ಮೇಲೆ, ಅದಕ್ಕೆ ತೆರಿಗೆ ವಿನಾಯಿತಿ ಮರಳಿ ಸಿಕ್ಕಿತು.